ಹೋಗಲು ಆರು ಗಂಟೆ, ಬರಲು ಎರಡು

ಕಟ್ಟೆಮಳಲವಾಡಿಯಲ್ಲಿ ಚೆಲುವಯ್ಯ ಎಂಬ ಹೆಸರಿನವರು ಮೂವರಿದ್ದರು. ಗಾಡಿ ಚೆಲುವಯ್ಯ, ಕುಂಟ ಚೆಲುವಯ್ಯ, ವಿಮಾನದ ಚೆಲುವಯ್ಯ. ಮೊದಲಿಬ್ಬರ ಅಡ್ಡಹೆಸರಿಗೆ ಆಧಾರ ಕಣ್ಣೆದುರಿಗೇ ಇತ್ತು. ಒಬ್ಬನ ಹಿತ್ತಿಲಲ್ಲಿ ಗಾಡಿ ನಿಂತಿರುತ್ತಿತ್ತು, ಇನ್ನೊಬ್ಬ ಕುಂಟುತ್ತಿದ್ದ. ಮೂರನೆಯವನ ಹೆಸರಿಗೆ ಆಧಾರ ಅವನ ಬಾಯಿಯೊಂದೇ. ಆ ಬಾಯಿಯಾದರೋ ಹಗಲಿಡೀ ದುಡಿಯುತ್ತಿತ್ತು.

ಹಾಗೆಂದು ಅವನನ್ನು ಸುಳ್ಳುಗಾರನೆಂದು ತಿಳಿಯಬೇಡಿ. ವಿಮಾನ ಹತ್ತಿದ್ದು ನಿಜ. ಅರವತ್ತೊಂಬತ್ತನೆಯ ಇಸವಿಯಲ್ಲಿ ಹುಣಸೂರಿನ ಹೊಗೆಸೊಪ್ಪಿನ ಸಾಹುಕಾರರೊಬ್ಬರಿಗೆ ಸಿಂಗಾಪುರದಲ್ಲಿ ವ್ಯಾಪಾರದ ಮಾತುಕತೆ ಬಿತ್ತು. ಅವರ ಹೊಟ್ಟೆ ವಿಚಿತ್ರದ್ದು. ರಾಗಿಮುದ್ದೆ, ಬಸ್ಸಾರು ಬಿಟ್ಟು ಬೇರೇನು ಬಿದ್ದರೂ ತಿರುಗಿ ಬರುತ್ತಿತ್ತು. ಮೈಸೂರಿಗೆ ಹೋದರೂ ಬುತ್ತಿ ಕಟ್ಟಿಸಿಕೊಂಡು ಹೋಗುವ ಆಸಾಮಿ. ಸಿಂಗಾಪುರದಲ್ಲಿ ಮುದ್ದೆ ತಿರುವುವವರು ಯಾರು? ಚೆಲುವಯ್ಯ ಅವರಿಗೆ ಹೊಗೆಸೊಪ್ಪು ಹಾಕುವ ರೈತ, ಮದುವೆಮನೆಗಳಲ್ಲಿ ಮುದ್ದೆ ಕಟ್ಟುವುದರಲ್ಲಿ ಎತ್ತಿದ ಕೈ. ಹಿಟ್ಟಿನ ಚೀಲ, ಮುದ್ದೆಕೋಲು, ಚೆಲುವಯ್ಯ, ಈ ಮೂರನ್ನೂ ಸಾಹುಕಾರರು ಸಾಮಾನಿನ ಜೊತೆ ಸಾಮಾನೆಂದು ಮದರಾಸಿಗೆ ಸಾಗಿಸಿ ವಿಮಾನ ಹತ್ತಿಸಿದರು. ಮುದ್ದೆಕೋಲಿನ ವಿಚಾರವನ್ನು ಚೆಲುವಯ್ಯ ಊರಿನಲ್ಲಿ ಎತ್ತುತ್ತಿರಲಿಲ್ಲ. "ಪರದೇಸ ಅಲ್ವಾ, ಜೊತೇಲಿ ಒಬ್ರು ತಿಳಿದೋರು ಬೇಕು ಅಂದ್ರು ಸಾವ್ಕಾರ್ರು" ಎನ್ನುತ್ತಿದ್ದ.

ವಿಮಾನದೊಳಗೆ ಏನು ನಡೆಯಿತೆಂಬುದನ್ನೂ ಅವನು ಹೇಳಲಿಲ್ಲ. ನಾನು ಹೇಳುತ್ತೇನೆ. ನೆಲ ಬಿಟ್ಟ ಗಳಿಗೆಯಲ್ಲೇ ಅವನ ಜೀವ ಬಾಯಿಗೆ ಬಂತು. ಕಣ್ಣು ಮುಚ್ಚಿದವನು ಸಿಂಗಾಪುರದ ನೆಲಕ್ಕೆ ಗಾಲಿ ತಾಗುವವರೆಗೆ ಬಿಡಲಿಲ್ಲ. ಒಂದು ಕೈಯಲ್ಲಿ ಸಾಹುಕಾರರ ಕೋಟಿನ ತೋಳು, ಇನ್ನೊಂದರಲ್ಲಿ ವಾಂತಿ ಮಾಡಿಕೊಳ್ಳಲು ಕೊಟ್ಟ ಕಾಗದದ ಚೀಲ. ನಡುವೆ ಎಲ್ಲೋ ವಿಮಾನ ದಡಕ್ಕನೆ ಕುಸಿದಾಗ ಪಂಚೆಯೂ ಒದ್ದೆಯಾಯಿತು. "ತಾಯಿ ಚಿಕ್ಕದೇವಮ್ಮ, ನೆಲ ಮುಟ್ಟಿಸವ್ವ, ಇನ್ನು ಈ ಜನ್ಮದಾಗೆ ಇದ್ನ ಅತ್ತಕ್ಕಿಲ್ಲ" ಎಂದು ಕೋಟೆ ಸೀಮೆಯ ಬೆಟ್ಟದ ತಾಯಿಗೆ ಹರಕೆ ಹೊತ್ತ. ಇಳಿದು ಬೆವರು ಒರೆಸಿಕೊಂಡ ಮೇಲೆ, ಊರಿಗೆ ಹಿಂದಿರುಗಲು ಮತ್ತೆ ಇದನ್ನೇ ಹತ್ತಬೇಕಲ್ಲ ಎಂಬುದು ಹೊಳೆಯಿತು. ಹರಕೆಯನ್ನು ತಿದ್ದಿ, ಇನ್ನೊಂದು ಸಲಕ್ಕೆ ಮಾತ್ರ ವಾಯಿದೆ ಕೇಳಿಕೊಂಡ. ಬರುವಾಗಲೂ ಕಣ್ಣು ಬಿಡಲಿಲ್ಲ. ಇದನ್ನೆಲ್ಲ ಕಂಡವರು ಸಾಹುಕಾರರೊಬ್ಬರೇ. ಅವರು ಮರುವರ್ಷವೇ ತೀರಿಕೊಂಡರು. ಅವರ ಮಣ್ಣಿಗೆ ಹೋದಾಗ ಚೆಲುವಯ್ಯ ಮನೆಯವರಿಗಿಂತ ಜೋರಾಗಿ ಅತ್ತ. ಊರಿಗೆ ಬಂದು ಎಂದಿಗಿಂತ ಚೆನ್ನಾಗಿ ಉಂಡ.

ಇನ್ನು ಗಂಟೆಯ ವಿಚಾರ. ಮದರಾಸಿನ ವಿಮಾನ ನಿಲ್ದಾಣದ ಗೋಡೆ ಗಡಿಯಾರದಲ್ಲಿ ಬೆಳಿಗ್ಗೆ ಎಂಟಾಗಿದ್ದಾಗ ಅವನು ಹತ್ತಿದ್ದು. ಸಿಂಗಾಪುರದ ಗೋಡೆ ಗಡಿಯಾರದಲ್ಲಿ ಮಧ್ಯಾಹ್ನ ಎರಡಾಗಿದ್ದಾಗ ಇಳಿದದ್ದು. ವಾಪಸು ಹೊರಟಾಗ ಅಲ್ಲಿಯ ಗೋಡೆಯಲ್ಲಿ ನಾಲ್ಕು, ಬಂದಿಳಿದಾಗ ಇಲ್ಲಿಯ ಗೋಡೆಯಲ್ಲಿ ಆರು. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಎರಡು ಗಂಟೆ ಮುಂದಿರುತ್ತದೆ, ಹೋಗಲೂ ನಾಲ್ಕೇ ಗಂಟೆ, ಬರಲೂ ನಾಲ್ಕೇ ಗಂಟೆ ಎಂದು ಅವನಿಗೆ ಯಾರೂ ಹೇಳಲಿಲ್ಲ. ಕಣ್ಣು ಮುಚ್ಚಿ ನಡುಗುತ್ತಿದ್ದವನಿಗೆ ತಾನಾಗಿ ತಿಳಿಯುವ ಹಾಗೂ ಇರಲಿಲ್ಲ. ಗೋಡೆ ತೋರಿಸಿದ್ದನ್ನು ನಂಬಿ ಊರಿಗೆ ಬಂದ.

"ಓಗಕ್ಕೆ ಆರು ಗಂಟೆ, ಬರಕ್ಕೆ ಎರಡು" ಎಂದು ಬಸ್ ಸ್ಟಾಪಿನ ಕಾಕನ ಟೀ ಅಂಗಡಿಯಲ್ಲಿ ಮೊದಲ ಸಲ ಹೇಳಿದಾಗ ಜನ ಬೆರಗಾದರು. ಬೇರೆ ಯಾವ ಊರಿನವರಾದರೂ, ಅದೇ ದಾರಿ, ಅದೇ ವಿಮಾನ, ಇದು ಹೇಗೆ ಎಂದು ತಲೆ ಕೆಡಿಸಿಕೊಳ್ಳುತ್ತಿದ್ದರೋ ಏನೋ. ನಮ್ಮವರಿಗೆ ಗಾಡಿ ಹೂಡಿ ಅಭ್ಯಾಸ. ಗಾಡಿ ಚೆಲುವಯ್ಯ ಬೀಡಿ ಆರಿಸಿ ಎದ್ದು ನಿಂತ.

"ಅದ್ರಲ್ಲೇನ್ಲಾ ಅತಿಸಯ? ನನ್ ಎತ್ತು ಉಣಸೂರ್ ಸಂತೆಗೆ ಓಗ್ಬೇಕಾದ್ರೆ ಎಜ್ಜೆ ಎಜ್ಜೆಗೂ ಬಾರುಕೋಲು ಕೇಳ್ತವೆ. ಬರೋವಾಗ ಮನೆ ಕಡೀಕೆ ಮೊಕ ಮಾಡುದ್ರೆ ಅಗ್ಗ ಇಡಿಯಕ್ಕಾಗಕ್ಕಿಲ್ಲ. ಇಮಾನ ನಮ್ ದೇಸುದ್ದು ತಾನೆ? ಅದ್ಕೂ ಕೊಟ್ಟಿಗೆ ಗ್ಯಾನ ಇರ್ತದೆ ಕಣ್ಲಾ."

ಊರಿಗೆ ಊರೇ ಹೌದೆಂದಿತು. ಶಾಲೆಯ ಮೇಷ್ಟ್ರೊಬ್ಬರು ಮಾತ್ರ ಭೂಪಟಕ್ಕೆ ದಾರ ಹಿಡಿದು ಸಾವಿರದ ಎಂಟುನೂರು ಮೈಲಿ ಎಂದು ಅಳೆದರು. ನಿಂಬೆಹಣ್ಣಿಗೆ ಲಾಟೀನು ಹಿಡಿದು, ಸೂರ್ಯ ಅವರಿಗೆ ಮೊದಲು ಹುಟ್ಟುತ್ತಾನೆ, ನಮಗೆ ಆಮೇಲೆ ಎಂದು ವಿವರಿಸತೊಡಗಿದರು. ಸೂರ್ಯ ಕಟ್ಟೆಮಳಲವಾಡಿಗಿಂತ ಮೊದಲು ಬೇರೆ ಊರಿಗೆ ಹುಟ್ಟುತ್ತಾನೆ ಎಂಬ ಮಾತು ಯಾರಿಗೂ ಹಿಡಿಸಲಿಲ್ಲ. "ಮೇಷ್ಟ್ರೇ, ನೀವು ಓಗಿದ್ರಾ?" ಎಂದು ಕುಂಟ ಚೆಲುವಯ್ಯ ಕೇಳಿದ. ಹೋಗಿರಲಿಲ್ಲ. ನಿಂಬೆಹಣ್ಣು ಕಾಕನ ಶರಬತ್ತಿಗೆ ಹೋಯಿತು.

ಅಲ್ಲಿಂದ ಮುಂದೆ ಎಲ್ಲ ದೂರಕ್ಕೂ ಚೆಲುವಯ್ಯನೇ ಪ್ರಮಾಣ. ಪಿರಿಯಾಪಟ್ಟಣಕ್ಕೆ ಹೊರಟವನು ಬಸ್ಸಿಗೆ ಕಾದು ಕಾದು ಹೊತ್ತು ಕಳೆದರೆ, "ಇಷ್ಟೊತ್ಗೆ ನಾನು ಸಿಂಗಾಪುರದಿಂದ ಬಂದು ಕಾಲು ತೊಳ್ಕಂಡಿದ್ದೆ" ಎಂದು ಇವನು ಉರಿಯುವವನ ಮೇಲೆ ಎಣ್ಣೆ ಸುರಿಯುತ್ತಿದ್ದ. ಹನಗೋಡಿನಿಂದ ಬೀಗರು ತಡವಾಗಿ ಬಂದರೆ ಅದೇ ಮಾತು. ಸಿಂಗಾಪುರದಿಂದ ತಂದ ಮಡಿಸುವ ಕೊಡೆಯನ್ನು ಬಿಸಿಲಿಗೆ ಬಿಚ್ಚುತ್ತಿದ್ದ, ಮಳೆ ಬಂದರೆ ನೆನೆಯುತ್ತದೆಂದು ಮಡಿಸಿ ಅಂಗಿಯೊಳಗೆ ಇಟ್ಟುಕೊಳ್ಳುತ್ತಿದ್ದ. ಮೋಡ ಹೇಗಿತ್ತು ಎಂದು ಕೇಳಿದವರಿಗೆ, "ಅರಳೆ ಕಣ್ರೀ. ಒಸಿ ಕೈ ಚಾಚಿದ್ರೆ ಒಂದ್ ಆಸ್ಗೆಗೆ ಆಗೋವಷ್ಟು ಕಿತ್ಕಬೋದು" ಎನ್ನುತ್ತಿದ್ದ. ಕಣ್ಣು ಮುಚ್ಚಿದವನು ಮೋಡ ಕಂಡದ್ದು ಯಾವಾಗ ಎಂದು ನನ್ನನ್ನು ಕೇಳಬೇಡಿ.

ಹೆಂಡತಿ ಚಿಕ್ಕಬಸಮ್ಮ ಇದನ್ನೆಲ್ಲ ಕೇಳಿಸಿಕೊಂಡು ತುಟಿ ಬಿಚ್ಚದೆ ಕೆಲಸ ಮಾಡಿಕೊಂಡಿರುತ್ತಿದ್ದಳು. ಸಿಂಗಾಪುರದಿಂದ ಬಂದ ಪಂಚೆಯನ್ನು ಲಕ್ಷ್ಮಣತೀರ್ಥದ ಕಲ್ಲಿನ ಮೇಲೆ ಒಗೆದವಳು ಅವಳೇ. ಪಂಚೆಯ ವಾಸನೆಗೆ ಸಾಕ್ಷಿ ಹೇಳುವವರು ಬೇಕಿರಲಿಲ್ಲ. ಆದರೂ ಅವಳು ಗಂಡನ ಮಾನವನ್ನು ಪಂಚೆಯ ಜೊತೆ ಹಿಂಡಿ ಒಣಹಾಕಿ, ಮಡಿಸಿ ಪೆಟ್ಟಿಗೆಯಲ್ಲಿಟ್ಟಳು. ಯಾವತ್ತಾದರೂ ಬೇಕಾದೀತು ಎಂದುಕೊಂಡಿದ್ದಳೇನೋ.

ಚೆಲುವಯ್ಯನ ಮಾತನ್ನು ಅಕ್ಷರ ಅಕ್ಷರ ನಂಬಿದ ಜೀವವೊಂದಿತ್ತು. ಅದು ಅವನ ಒಬ್ಬಳೇ ಮಗಳು ಶಿವರುದ್ರಮ್ಮ. ಊರಿನವರು ನಂಬಿದ್ದು ಹೊತ್ತು ಹೋಗಲಿ ಎಂದು. ಇವಳು ನಂಬಿದ್ದು ಮನಸಾರೆ. ಅಪ್ಪ ಹೊಗೆಸೊಪ್ಪು ವಿಂಗಡಿಸುತ್ತಾ ಕೂತರೆ ಪಕ್ಕಕ್ಕೆ ಬಂದು, ಕಿಟಕಿ ಎಷ್ಟು ದೊಡ್ಡದಿತ್ತು, ನದಿ ಮೇಲಿನಿಂದ ಹೇಗೆ ಕಾಣುತ್ತದೆ, ಸಮುದ್ರದ ಬಣ್ಣ ಏನು ಎಂದು ಕೇಳುತ್ತಿದ್ದಳು. ಅವನು ಹುಮ್ಮಸ್ಸಿನಿಂದ ಹೇಳುತ್ತಿದ್ದ. ಹೇಳಿದಷ್ಟೂ ಹೊಸದು ಹುಟ್ಟುತ್ತಿತ್ತು. ಅವಳ ಹದಿನೆಂಟು ವರ್ಷದ ತಲೆಯೊಳಗೆ ಒಂದು ಇಡೀ ಆಕಾಶ ತುಂಬಿದ್ದು ಹೀಗೆ. ತಾನೂ ಒಂದು ಸಲ ಅದನ್ನು ಕಾಣಬೇಕೆಂಬುದೊಂದೇ ಅವಳ ಆಸೆ, ಬೇರೆ ಆಸೆಯೇ ಇರಲಿಲ್ಲ.

ಎಪ್ಪತ್ತೆರಡರ ಮಾಘದಲ್ಲಿ ಅವಳಿಗೆ ಎರಡು ಗಂಡು ಬಂದವು. ಒಂದು ಕೋಟೆ ತಾಲ್ಲೂಕಿನ ಹಂಪಾಪುರದ ಬೆಟ್ಟಸ್ವಾಮಿ. ಗದ್ದೆ ಇದೆ, ಪಂಪ್‌ಸೆಟ್ಟಿದೆ, ಸಾಧು ಮನುಷ್ಯ. ಎಷ್ಟು ಸಾಧು ಎಂದರೆ ಮೈಸೂರಿಗೆ ಹೋಗಿ ಬಂದರೆ ಆಯಾಸವಾಗಿ ಮಲಗಿಬಿಡುತ್ತಿದ್ದ. ಇನ್ನೊಂದು ಕೃಷ್ಣರಾಜನಗರದ ಕಡೆಯ ಹುಡುಗ, ತೀರಿಹೋದ ಸಾಹುಕಾರರು ಸಿಂಗಾಪುರದಲ್ಲಿ ವ್ಯಾಪಾರ ಇಟ್ಟುಕೊಂಡಿದ್ದ ಅಂಗಡಿಯಲ್ಲೇ ಕೆಲಸಕ್ಕಿದ್ದವನು. ಆ ಸಂಬಂಧ ತಂದವನು ಸಾಲಿಗ್ರಾಮದ ಮುದ್ದಯ್ಯ, ಹುಡುಗನ ಸೋದರಮಾವ.

ಮುದ್ದಯ್ಯ ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಂತೆಯೇ ಸುದ್ದಿ ಹಬ್ಬಿ ಅರ್ಧ ಊರು ಬಂದು ನೆರೆಯಿತು. ಚೆಲುವಯ್ಯನ ಎದೆ ಉಬ್ಬಿತು. ಸಿಂಗಾಪುರವೇ ಮನೆಬಾಗಿಲಿಗೆ ಹೆಣ್ಣು ಕೇಳಿಕೊಂಡು ಬಂದಿದೆ! ಬಾಯಿ ತನ್ನ ಪಾಡಿಗೆ ತಾನು ಓಡಿತು.

"ಅಂಪಾಪುರ ದೂರ ಕಣ್ರೀ" ಎಂದ. "ಉಣಸೂರಿಗೋಗಿ, ಅಲ್ಲಿಂದ ಕೋಟೆಗೋಗಿ, ಅಲ್ಲಿಂದ ಇನ್ನೊಂದು ಬಸ್ಸು. ಒಂದಿನ ಪೂರ್ತಿ ಬೇಕು. ಸಿಂಗಾಪುರ ಆದ್ರೆ ಮಗಳು ತೌರಿಗೆ ಬರಕ್ಕೆ ಎರಡೇ ಗಂಟೆ. ಗಂಡನ್ ಮನೆಗೆ ಓಗಕ್ಕೆ ಆರು ಗಂಟೆ ಇಡೀತದೆ, ಇಡೀಲಿ ಬುಡಿ. ತೌರು ಬುಟ್ಟೋಗೋ ಎಣ್ಣು ನಿಧಾನವಾಗೇ ಓಗ್ಬೇಕು."

ಜಗಲಿಯೆಲ್ಲ ತಲೆದೂಗಿತು. ಮದರಾಸು ಎಂಬ ಊರೊಂದು ನಡುವೆ ಇದೆ, ಅಲ್ಲಿಂದ ಕಟ್ಟೆಮಳಲವಾಡಿಗೆ ರೈಲು, ಬಸ್ಸು, ಕಾಲ್ನಡಿಗೆ ಇದೆ ಎಂಬುದು ಯಾರ ತಲೆಗೂ ಬರಲಿಲ್ಲ. ವಿಮಾನ ಕಾಕನ ಅಂಗಡಿಯ ಮುಂದೆಯೇ ನಿಲ್ಲುತ್ತದೆ ಎಂಬಂತಿತ್ತು ಅವರ ಗತ್ತು.

ಬಾಗಿಲ ಮರೆಯಲ್ಲಿ ನಿಂತಿದ್ದ ಚಿಕ್ಕಬಸಮ್ಮ ಆಗ ಹೊರಗೆ ಬಂದಳು. ಮಗಳು ಕಣ್ಣಳತೆಯಲ್ಲಿರಬೇಕು, ಹೆರಿಗೆಗೆ ಬರಬೇಕು, ಕಾಯಿಲೆ ಬಿದ್ದರೆ ತಾನು ಓಡಿ ಹೋಗುವಂತಿರಬೇಕು ಎಂಬುದು ಅವಳ ಹಟ. ಅದಕ್ಕಾಗಿ ಪೆಟ್ಟಿಗೆಯಲ್ಲಿಟ್ಟಿದ್ದ ಪಂಚೆಯನ್ನು ಆ ದಿನ ಮಾತಿನಲ್ಲೇ ಹೊರತೆಗೆದಳು. ಜನರೆದುರು ಬಿಡಿಸಲಿಲ್ಲ, ಅಷ್ಟೇ.

"ನಾನೇನು ಬ್ಯಾಡ ಅನ್ನಕ್ಕಿಲ್ಲ" ಎಂದಳು. "ಸಿಂಗಾಪುರಕ್ಕೇ ಕೊಡವ. ಆದ್ರೆ ಗೌರಿ ಅಬ್ಬದ ಬಾಗಿನ ಬುಡಂಗಿಲ್ಲ. ನಮ್ಮನೇಲಿ ಎಣ್ಣುಮಕ್ಕಳ ಬಾಗಿನ ಅಂಚೇಲಾಗ್ಲಿ ಬ್ಯಾರೇವ್ರ ಕೈಲಾಗ್ಲಿ ಕಳ್ಸಿದ್ದಿಲ್ಲ. ಅಣ್ಣ ತಮ್ಮ ಇಲ್ದಿರೋ ಎಣ್ಣಿಗೆ ಅಪ್ಪನೇ ಮೊರ ಒತ್ಕಂಡೋಗ್ಬೇಕು. ಒಂದ್ ವರ್ಸ ಅಲ್ಲ, ಕೈಕಾಲು ಗಟ್ಟಿ ಇರೋಗಂಟ. ಅದೇನ್ ಮಾ ದೂರವಾ? ಓಗಕ್ಕೆ ಆರು, ಬರಕ್ಕೆ ಎರಡು. ಕೋಳಿ ಕೂಗೋವಾಗ ಒಂಟ್ರೆ ದೀಪ ಅಚ್ಚೋ ಒತ್ಗೆ ಬತ್ತೀರ. ಏನಂತೀರ?"

ಚೆಲುವಯ್ಯನ ಬಾಯಿ ಜೀವಮಾನದಲ್ಲಿ ಮೊದಲ ಸಲ ನಿಂತಿತು. "ಟಿಕೇಟು..." ಎಂದು ತಡವರಿಸಿದ. "ಟಿಕೇಟು ನಮ್ ಉಡುಗುಂದು" ಎಂದ ಮುದ್ದಯ್ಯ ಉದಾರವಾಗಿ. "ಅವನ ಧಣಿ ಇಮಾನದೋರಿಗೆ ಬಾಳ ಬೇಕಾದೋನು. ವರ್ಸಕ್ಕೊಂದ್ ಸಲ ಏನು, ಎರಡು ಸಲ ಬನ್ನಿ ಬೀಗ್ರೇ."

ಜಗಲಿಯಲ್ಲಿ ಸಂಭ್ರಮವೋ ಸಂಭ್ರಮ. ಕುಂಟ ಚೆಲುವಯ್ಯ ಅಂಥದೇ ಒಂದು ಕೊಡೆ ಬೇಕೆಂದ. ಗಾಡಿ ಚೆಲುವಯ್ಯ ಟಾರ್ಚು ಕೇಳಿದ. ಮೊರ ಕಿಟಕಿಯಿಂದ ಹಾರಿಹೋಗದಂತೆ ಹಗ್ಗ ಬಿಗಿಯುವುದು ಹೇಗೆಂದು ತೋರಿಸಿಕೊಡುತ್ತೇನೆಂದೂ ಮಾತು ಕೊಟ್ಟ. ಚಿಕ್ಕಬಸಮ್ಮ ಗಂಡನ ಮುಖವನ್ನೇ ನೋಡುತ್ತಾ ನಿಂತಿದ್ದಳು. ಆ ನೋಟ ನೆಟ್ಟಗೆ ಅವನು ಉಟ್ಟಿದ್ದ ಪಂಚೆಯ ಮೇಲೆ ಇಳಿದು ಮತ್ತೆ ಮುಖಕ್ಕೆ ಬಂತು. ಇವಳಿಗೆ ಗೊತ್ತು ಎಂಬುದು ಅವನಿಗೆ ಆಗ ತಿಳಿಯಿತು. ಮೂರು ದಿನದಲ್ಲಿ ಹೇಳಿ ಕಳಿಸುತ್ತೇನೆಂದು ಮುದ್ದಯ್ಯನನ್ನು ಸಾಗಹಾಕಿದ.

ಮಾರನೆಯ ಬೆಳಿಗ್ಗೆ ಸೊಪ್ಪಿನ ಕೊಟ್ಟಿಗೆಯಲ್ಲಿ ಒಬ್ಬನೇ ಕೂತಿದ್ದಾಗ ಶಿವರುದ್ರಮ್ಮ ರೊಟ್ಟಿ ತಂದಳು. ಒಣಗಿದ ಎಲೆಗಳ ನಡುವೆ ಜಾಗ ಮಾಡಿಕೊಂಡು ಕೂತಳು. ಮದುವೆಯ ವಿಚಾರ ಹೆಣ್ಣುಮಕ್ಕಳು ಬಾಯಿಬಿಟ್ಟು ಆಡುವ ಕಾಲವಲ್ಲ ಅದು. ಆದರೂ ಆಡಿದಳು.

"ಅಪ್ಪ, ಸಿಂಗಾಪುರ ಅಂತ ಯೋಳು."

"ಯಾಕಮ್ಮಿ? ಉಡುಗುನ್ನ ನೋಡೇ ಇಲ್ವಲ್ಲ ನೀನು."

"ಉಡುಗ ಯಂಗಾರ ಇರ್ಲಿ. ಆ ಮೋಡ ನೋಡ್ಬೇಕು ನಾನು. ನೀನು ಯೋಳ್ತಿದ್ಯಲ್ಲ, ಅದೆಲ್ಲಾವ. ಅವ್ವುಂಗೆ ನೀನೇ ಒಪ್ಸು. ನೀನ್ ಬಾಗಿನ ತಂದ್ರೆ ನಾನು ಇಮಾನ ಇಳಿಯೋ ತಾವ್ಕೇ ಬಂದು ನಿಂತಿರ್ತೀನಿ."

ನೋಡಿ, ಇಲ್ಲಿ ಚೆಲುವಯ್ಯ ಒಂದು ಮಾತು ಹೇಳಬಹುದಿತ್ತು. ನನಗೆ ಭಯ ಕಣಮ್ಮಿ, ನೀನು ಹೋಗು, ನನ್ನ ಕೈಲಿ ಬಾಗಿನ ತರಲಾಗುವುದಿಲ್ಲ ಎಂದು. ಎಲೆಗಳು ಬಿಟ್ಟರೆ ಕೇಳುವವರೂ ಅಲ್ಲಿರಲಿಲ್ಲ. ಆದರೆ ಮಗಳ ಕಣ್ಣಲ್ಲಿ ಅವನೊಬ್ಬ ದೊಡ್ಡ ಮನುಷ್ಯನಾಗಿ ಕೂತಿದ್ದ, ಅಲ್ಲಿಂದ ಇಳಿಯಲು ಅವನಿಗೆ ಮನಸ್ಸಾಗಲಿಲ್ಲ. "ನೋಡವ" ಎಂದು ರೊಟ್ಟಿ ಮುರಿದ. ನನಗೆ ಈಗಲೂ ಆ ಮನುಷ್ಯನ ಮೇಲೆ ಸಿಟ್ಟು ಬರುವುದು ಆ ಬೆಳಗನ್ನು ನೆನೆದಾಗ.

ಮೂರನೆಯ ದಿನ ಕಾಕನ ಅಂಗಡಿಯಲ್ಲಿ ಚೆಲುವಯ್ಯ ಮುಖ ಗಂಟಿಕ್ಕಿಕೊಂಡು ಕಾಣಿಸಿಕೊಂಡ. "ಸಿಂಗಾಪುರ ಈಗ ಆಗಕ್ಕಿಲ್ಲ ಬುಡಿ" ಎಂದ. ಎಲ್ಲರೂ ಯಾಕೆಂದರು.

"ಯಾಕೆ ಅಂದ್ರೆ ದಾರಿ ಕೆಟ್ಟೋಗದೆ. ಯುದ್ಧ ಆಗ್ಲಿಲ್ವಾ ಮೊನ್ನೆ, ಆವಾಗ ಆ ಬಾಂಬಿನ ಇಮಾನಗಳು ಓಡಾಡಿ ಓಡಾಡಿ ಮೇಗಿನ ದಾರಿಯೆಲ್ಲ ಅಳ್ಳ ಬಿದ್ದದೆ. ಈಗ ಸುತ್ತಾಕ್ಕಂಡು ಓಗ್ಬೇಕು. ಎಲ್ಡು ದಿನ ಆದ್ರೂ ಆಯ್ತು. ಅಂತಾ ದಾರಿಗೆ ಎಣ್ಣು ಕೊಡದಾ?"

ಜನ ನಂಬಿದರು. ಯಾಕೆ ನಂಬುವುದಿಲ್ಲ? ಮರದ ಲಾರಿಗಳು ಓಡಾಡಿ ಪಿರಿಯಾಪಟ್ಟಣದ ರಸ್ತೆ ಏನಾಗಿದೆಯೆಂದು ಎಲ್ಲರೂ ಕಂಡಿದ್ದರು. ನೆಲದ ರಸ್ತೆಯನ್ನೇ ರಿಪೇರಿ ಮಾಡದವರು ಆಕಾಶದ್ದನ್ನು ಮಾಡುತ್ತಾರೆಯೇ ಎಂದು ಗಾಡಿ ಚೆಲುವಯ್ಯ ನಿಟ್ಟುಸಿರು ಬಿಟ್ಟ. ಮೇಷ್ಟ್ರು ಬಾಯಿ ತೆರೆದರು, ನಿಂಬೆಹಣ್ಣು ನೆನಪಾಗಿ ಮುಚ್ಚಿಕೊಂಡರು. ಮುದ್ದಯ್ಯ ಮಾತ್ರ ನಂಬಲಿಲ್ಲ. ಅವನು ಸಾಲಿಗ್ರಾಮದ ಇನ್ನೊಂದು ಮನೆಯಲ್ಲಿ ಹೆಣ್ಣು ನೋಡಿದ. ಆ ಹುಡುಗಿ ಬೇಸಿಗೆಯಲ್ಲೇ ಸಿಂಗಾಪುರಕ್ಕೆ ಹೋದಳು, ಹಳ್ಳವಿಲ್ಲದ ದಾರಿಯಲ್ಲಿ.

ಶಿವರುದ್ರಮ್ಮನ ಮದುವೆ ವೈಶಾಖದಲ್ಲಿ ಬೆಟ್ಟಸ್ವಾಮಿಯ ಜೊತೆ ನಡೆಯಿತು. ಧಾರೆಯ ಹೊತ್ತಿಗೆ ಅವಳು ಅತ್ತಳು. ತೌರು ಬಿಡುವ ದುಃಖ ಎಂದು ಹೆಂಗಸರು ಸಮಾಧಾನ ಹೇಳಿದರು. ಚಿಕ್ಕಬಸಮ್ಮ ಗೆದ್ದಿದ್ದಳು, ಮಗಳ ಅಳು ಯಾವುದಕ್ಕೆಂದು ವಿಚಾರಿಸುವ ಗೊಡವೆಗೆ ಅವಳು ಹೋಗಲಿಲ್ಲ.

ಆ ವರ್ಷದ ಗೌರಿ ಹಬ್ಬದ ಮುಂಚಿನ ದಿನ ಚೆಲುವಯ್ಯ ಮೊರದ ಬಾಗಿನ ಕಟ್ಟಿಕೊಂಡು ಕೋಳಿ ಕೂಗುವ ಹೊತ್ತಿಗೆ ಹಂಪಾಪುರಕ್ಕೆ ಹೊರಟ. ಹುಣಸೂರಿನಲ್ಲಿ ಕೋಟೆಯ ಬಸ್ಸು ತುಂಬಿ ಹೋಗಿತ್ತು. ಮುಂದಿನದು ಸಿಕ್ಕಿತು, ಅರ್ಧ ದಾರಿಯಲ್ಲಿ ಅದರ ಟೈರು ಪಂಕ್ಚರ್ ಆಯಿತು. ಮಳೆಯಲ್ಲಿ ಹುಣಸೆಮರದ ಕೆಳಗೆ ಮೊರವನ್ನು ಎದೆಗವಚಿಕೊಂಡು ನಿಂತ. ಬಾಗಿನ ನೆನೆಯಬಾರದೆಂದು ಸಿಂಗಾಪುರದ ಕೊಡೆಯನ್ನು ಮೊದಲ ಸಲ ಮಳೆಗೆ ಬಿಚ್ಚಿದ. ಎರಡು ಕಡ್ಡಿ ಮುರಿದಿದ್ದವು. ಕೋಟೆಯಲ್ಲಿ ಮೈಸೂರಿನ ಬಸ್ಸಿಗೆ ಕಾದು, ನಿಂತುಕೊಂಡೇ ಪ್ರಯಾಣ ಮಾಡಿ, ಹಂಪಾಪುರದಲ್ಲಿ ಇಳಿದಾಗ ದೀಪ ಹಚ್ಚಿದ್ದರು.

ಶಿವರುದ್ರಮ್ಮ ಕಾಲಿಗೆ ನೀರು ಕೊಟ್ಟಳು. ಬಾಗಿನವನ್ನು ಎರಡು ಕೈಯಲ್ಲಿ ತೆಗೆದುಕೊಂಡು ಒಳಗಿಟ್ಟು ಬಂದಳು. ಬೆಟ್ಟಸ್ವಾಮಿ ಆಗಲೇ ಉಂಡು ಮಲಗಿದ್ದ. ಅಪ್ಪನ ಒದ್ದೆ ಬಟ್ಟೆ, ಮುರಿದ ಕೊಡೆ ನೋಡಿದಳು.

"ಈ ಒತ್ಗೆ ಸಿಂಗಾಪುರಕ್ಕೆ ಬಂದು, ನಂಗೆ ಬಾಗಿನ ಕೊಟ್ಟು, ವಾಪಸ್ ಓಗಿ ಮನೇಲಿ ಕೂತಿರ್ತಿದ್ಯಲ್ಲಪ್ಪ" ಎಂದಳು. ಅಣಕವಿರಲಿಲ್ಲ ಮಾತಿನಲ್ಲಿ. ಅದಕ್ಕೇ ಚುಚ್ಚಿತು.

"ದಾರಿ ಕೆಟ್ಟೋಗಿತ್ತಲ್ಲಮ್ಮಿ..." ಎಂದ.

"ಅವ್ವ ಯೋಳಿದ್ಲು, ಮದ್ವೆ ಆದ್ಮೇಲೆ. ಪಂಚೆ ವಿಚಾರವ." ಅವಳು ಅಪ್ಪನ ಮುಂದೆ ಕೂತಳು. "ಎದ್ರಿಕೆ ಅಂತ ನಂಗೊಂದ್ ಮಾತು ಯೋಳಿದ್ರೆ, ನಂಗೆ ಬಾಗಿನವೇ ಬ್ಯಾಡ ಅಂತಿದ್ದೆ. ನನ್ ಒಬ್ಳುನ್ನ ಕಳ್ಸಿದ್ರೆ ಸಾಕಿತ್ತು."

ಚೆಲುವಯ್ಯ ಪಂಚೆಯ ಅಂಚು ಹಿಂಡಿದ. ನೀರು ಪಂಚೆಯಿಂದ ಸೋರಿ ಜಗಲಿಯ ಮೇಲೆ ಮಡುಗಟ್ಟಿತ್ತು.

"ಮೋಡ ನಿಜ್ವಾಗ್ಲೂ ಅರಳೆ ತರ ಇತ್ತಾ ಅಪ್ಪ?"

"ಗೊತ್ತಿಲ್ಲ ಕಣಮ್ಮಿ" ಎಂದ. ಸಿಂಗಾಪುರದ ಬಗ್ಗೆ ಅವನು ಆಡಿದ ಮೊದಲ ನಿಜ ಅದು. "ನಾನು ಕಣ್ಣೇ ಬುಟ್ಟಿರ್ನಿಲ್ಲ. ಓಗೋವಾಗ್ಲೂ ಇಲ್ಲ, ಬರೋವಾಗ್ಲೂ ಇಲ್ಲ."

ಶಿವರುದ್ರಮ್ಮ ಮುರಿದ ಕೊಡೆಯನ್ನು ಗೋಡೆಗೆ ಒರಗಿಸಿಟ್ಟಳು. "ನಾನು ಬುಟ್ಕಂಡಿರ್ತಿದ್ದೆ" ಎಂದು ಎದ್ದು ಮುದ್ದೆ ಬಡಿಸಲು ಒಳಗೆ ಹೋದಳು.

ಹಬ್ಬ ಮುಗಿಸಿಕೊಂಡು ಮಾರನೆಯ ಬೆಳಿಗ್ಗೆ ಅವನು ಕೋಟೆಯ ಬಸ್ಸು ಹತ್ತಿದ. ಕಂಡಕ್ಟರು ಹುಣಸೂರಿನ ಕಡೆಯವನು, ನೋಡಿದ ಕೂಡಲೇ ಗುರುತು ಹಿಡಿದ. "ಇಮಾನದ ಚೆಲುವಯ್ಯನೋರಲ್ವಾ? ಸಿಂಗಾಪುರಕ್ಕೆ ಎಷ್ಟೊತ್ತು ಅಂದ್ರಿ?"

"ಓಗಕ್ಕೆ ಆರು ಗಂಟೆ, ಬರಕ್ಕೆ ಎರಡು" ಎಂದ ಚೆಲುವಯ್ಯ. ಅಭ್ಯಾಸ ಎಲ್ಲಿ ಹೋಗುತ್ತದೆ? ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮುಂದಿನ ಸೀಟಿನ ಹೆಂಗಸು ಮಗುವನ್ನು ಎತ್ತಿ ಅವನನ್ನು ತೋರಿಸಿದಳು.

"ಮೋಡ ಯಂಗಿರ್ತದೆ ಯೋಳಿ ಒಸಿ, ಇವ್ರೂ ಕೇಳ್ಲಿ" ಎಂದ ಕಂಡಕ್ಟರು.

"ಮೋಡದ ವಿಚಾರ ನನ್ ಮಗಳುನ್ನ ಕೇಳಿ. ಇಲ್ಲೇ ಅಂಪಾಪುರದಾಗವಳೆ."

"ಅವ್ರೂ ಓಗಿದ್ರಾ? ಯಾವಾಗ?"

ಚೆಲುವಯ್ಯ ಟಿಕೇಟು ತೆಗೆದುಕೊಂಡು ಜೇಬಿಗೆ ಹಾಕಿದ. ಕೊಡೆಯನ್ನು ಮಡಿಲಲ್ಲಿಟ್ಟುಕೊಂಡು ಕೋಟೆ ಬರುವವರೆಗೆ ಕಿಟಕಿಯ ಹೊರಗೇ ನೋಡುತ್ತಾ ಕೂತ.